ಪ್ರಮಾಣಕ್ಕೆ ಎತ್ತಿದ ಕೈ

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ಒಂದು ಕಟ್ಟಡದ ತಕರಾರಿನ ವಿಚಾರಣೆ ನಡೆದಿತ್ತು. ಕನ್ನಡದ ಸಾಕ್ಷಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಸಾಕ್ಷಿ ಗದಗ ಕಡೆಯ ಫೋರ್‌ಮನ್ ಬಸಪ್ಪ. ಗೋಡೆ ಬಿರುಕು ಬಿಟ್ಟಿದ್ದು ಹೇಗೆಂದು ತಾವು ದುಡಿಯುವ ಕಂಪನಿಯ ವಿರುದ್ಧವೇ ಅವರು ಹೇಳಬೇಕಿತ್ತು. “ಬಾಯಿ ಬಿಟ್ರ ನನ್ನ ವೀಸಾ ಖಲಾಸ್ ರೀ” ಎಂದು ಹೊರಗೆ ಕೂತು ಬೆವರುತ್ತಿದ್ದರು.

ಇಂಥ ವ್ಯವಹಾರದ ತಕರಾರುಗಳು ಇಲ್ಲಿ ಇಂಗ್ಲಿಷಿನಲ್ಲೇ, ಹೊರದೇಶದ ಜಡ್ಜ್‌ಗಳ ಮುಂದೆಯೂ ನಡೆಯುತ್ತವೆ; ಈ ವಿಚಾರಣೆ ನಡೆಸುವವರು ಸ್ಕಾಟ್ಲೆಂಡಿನ ನಿವೃತ್ತ ಜಡ್ಜ್. ಅಲ್ಲಿ ಸಣ್ಣ ಊರಿನ ಕೋರ್ಟಿನಿಂದ ದೊಡ್ಡ ಕೋರ್ಟಿನವರೆಗೆ ಜೀವಮಾನವೆಲ್ಲ ನ್ಯಾಯ ಹೇಳಿದವರು. ಅವರ ನಾಡಿನಲ್ಲಿ ಜಡ್ಜೇ ಎದ್ದು ನಿಂತು, ಬಲಗೈ ಎತ್ತಿ ಸಾಕ್ಷಿಗೆ ಪ್ರಮಾಣ ಬೋಧಿಸುತ್ತಾರಂತೆ. ಆ ರೂಢಿಯನ್ನು ಅವರು ಇಲ್ಲಿಯೂ ಬಿಟ್ಟಿರಲಿಲ್ಲ.

ಅವರು ಎದ್ದು ಅಂಗೈ ಎತ್ತಿದ್ದೇ ತಡ, ಬಸಪ್ಪ ಮೇಜು ಸುತ್ತಿಕೊಂಡು ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟರು. ವಕೀಲರೆಲ್ಲ ನನ್ನ ಮುಖ ನೋಡಿದರು. ಇದನ್ನು ಹೇಗೆ ಅನುವಾದಿಸುವುದು? “ನೀವು ಆಶೀರ್ವಾದ ಮಾಡಿದಿರಿ ಅಂದುಕೊಂಡಿದ್ದಾರೆ, ಸರ್” ಎಂದೆ.

ಯಾರಾದರೂ ನಕ್ಕಿದ್ದರೆ ಬಸಪ್ಪನವರ ಬಾಯಿ ಅಲ್ಲೇ ಕಟ್ಟಿಹೋಗುತ್ತಿತ್ತು. ಜಡ್ಜ್ ನಗಲಿಲ್ಲ. “ಹಾಗಾದರೆ ಅದೂ ಇರಲಿ ಅಂತ ಹೇಳಿ. ಈಗ ಅವರೂ ಕೈ ಎತ್ತಲಿ” ಎಂದು, ತಮ್ಮ ಕೈ ಇಳಿಸದೆ ಕಾದರು. ಆ ಕಾಯುವಿಕೆಗೆ ನಾನು ಇನ್ನೂ ಋಣಿ.

ಬಸಪ್ಪ ಏನೂ ಮುಚ್ಚಿಡದೆ ಹೇಳಿದರು. ಹೊರಗೆ ಬಂದ ಮೇಲೆ, “ಹಿರಿಯರು ಅಷ್ಟೊತ್ತು ಕೈ ಎತ್ತಿ ನಿಂತ್ರ ಸುಳ್ಳು ಹೇಳಾಕ ಹೆಂಗ ಬರ್ತೈತ್ರೀ?” ಅಂದರು.

ಈಗಲೂ ಆ ಜಡ್ಜ್ ಕೈ ಎತ್ತಿದಾಗ ನಾನು ಮೂಲೆಯಲ್ಲಿ ಕೊಂಚ ತಲೆ ಬಗ್ಗಿಸುತ್ತೇನೆ. ಹೆಡ್‌ಫೋನ್ ಸರಿಮಾಡಿಕೊಳ್ಳುತ್ತಿದ್ದೇನೆ ಎಂದು ವಕೀಲರು ತಿಳಿದಿದ್ದಾರೆ.