ಶುಚಿಯಾದ ಕಫ

ಇಸ್ತ್ರಿ ಅಂಗಡಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ‘ಗರಿಗರಿ’. ಆ ಹೆಸರು ಅವರಿಗೂ ಇಷ್ಟವೇ. ಕಾಲರಿನ ಮೇಲೊಂದು ಸುಕ್ಕು ಕಂಡರೆ ಪ್ರಾಣ ಹೋದಂತೆ ಆಡುವ, ಬಾಗಿಲ ಚಿಲಕವನ್ನೂ ಕರ್ಚೀಫಿನಲ್ಲೇ ಹಿಡಿದು ತೆಗೆಯುವ ಮನುಷ್ಯ. ಅಂಥವರಿಗೇ ಟಿಬಿ ವಕ್ಕರಿಸಿತು. ಕೊಳಕರ ಕಾಯಿಲೆ ತಮಗೆ ಹೇಗೆ ಬಂತೆಂಬ ಅವಮಾನ ಅವರನ್ನು ಕೆಮ್ಮಿಗಿಂತ ಹೆಚ್ಚು ಕಾಡಿತು.

ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಕೆಮ್ಮು ಜಗ್ಗಲಿಲ್ಲ. ಇದು ಮಾತ್ರೆಗೆ ಬಗ್ಗದ ರೋಗಾಣುವಿರಬಹುದು, ಅದರ ವಂಶವಾಹಿ ನೋಡಿಯೇ ಹೇಳುವ ಯಂತ್ರವಿದೆ ಎಂದ ಡಾಕ್ಟರಮ್ಮ ಕೈಗೊಂದು ಡಬ್ಬಿ ಕೊಟ್ಟರು.

“ಎದೆಯಿಂದ ಕೆಮ್ಮಿ ಕಫ ತನ್ನಿ. ಬರೀ ಎಂಜಲು ಬೇಡ.”

ಆದರೆ ಅದನ್ನು ತೆಗೆದುಕೊಳ್ಳುವವಳು ಲ್ಯಾಬಿನ ಹುಡುಗಿ. ಹೆಣ್ಣುಮಗಳ ಕೈಗೆ ಅಂಥ ಹೇಸಿಗೆ ಕೊಡುವುದೇ? ಯಜಮಾನರು ಬೆಳಿಗ್ಗೆದ್ದು ಹಲ್ಲುಜ್ಜಿ, ಗಂಟಲು ಗುಳುಗುಳಿಸಿ, ತಿಳಿನೀರಿನಂಥ ಎಂಜಲನ್ನು ನಾಜೂಕಾಗಿ ಡಬ್ಬಿಗಿಳಿಸಿದರು.

“ಇದು ಎಂಜಲಲ್ವಾ ಸಾರ್?” ಎಂದಳು ಹುಡುಗಿ.

“ನಮ್ಮನೇಲಿ ಕಫ ಹೀಗೇ ಇರೋದಮ್ಮ,” ಎಂದರು ಗತ್ತಿನಿಂದ. ಹಿಂದೆ ಸಾಲು ಉದ್ದವಿತ್ತು, ಅವಳು ತೆಗೆದುಕೊಂಡಳು.

ಪಾಪ, ಯಂತ್ರ ಕೊಟ್ಟದ್ದನ್ನಷ್ಟೇ ನೋಡುತ್ತದೆ. ರೋಗಾಣು ಸಿಗಲಿಲ್ಲ ಎಂದಿತು. ಇನ್ನೊಮ್ಮೆ ಕಫ ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದು ಯಜಮಾನರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು. ವರದಿಗೆ ಇಸ್ತ್ರಿ ಹೊಡೆದು ಗಿರಾಕಿಗಳಿಗೆಲ್ಲ ತೋರಿಸಿದರು. ಮಾತ್ರೆ ಬಿಟ್ಟರು, ಮಾಸ್ಕನ್ನು ಮಡಚಿಟ್ಟರು. ಕೆಮ್ಮಿಗೆ ಇಸ್ತ್ರಿಪೆಟ್ಟಿಗೆಯ ಇದ್ದಿಲು ಕಾರಣವೆಂದು ಸಾರಿದರು. ಹೆಂಡತಿ ನಂಬಿದಳು, ಮನೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಪಕ್ಕದಲ್ಲೇ ಮಲಗಿದಳು.

ವರ್ಷ ತಿರುಗುವಷ್ಟರಲ್ಲಿ ಆಕೆ ಕಡ್ಡಿಯಾದಳು. ಅವಳಿಗೆ ಈ ಡೌಲೆಲ್ಲ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ಕೆಮ್ಮಿ ಎಂದರೆ ಎದೆಯಿಂದಲೇ ಕೆಮ್ಮಿದಳು. ಅದೇ ಯಂತ್ರ ಮಧ್ಯಾಹ್ನದೊಳಗೆ ಹೇಳಿಬಿಟ್ಟಿತು: ರೋಗಾಣು ಇದೆ, ಅದೂ ಮುಖ್ಯ ಔಷಧಿಗೇ ಬಗ್ಗದ್ದು.

ಡಾಕ್ಟರಮ್ಮ ಯಜಮಾನರ ಕಡೆ ತಿರುಗಿದರು. ಹೆಂಡತಿಯೇ ಅಡ್ಡ ಬಂದಳು.

“ಇವ್ರಿಂದ ಬಂದಿರಲ್ಲ ಡಾಕ್ಟ್ರೇ. ಇವ್ರು ತುಂಬಾ ಕ್ಲೀನು. ಕಫ ಕೊಡೋ ದಿನಾನೂ ಹಲ್ಲುಜ್ಜಿ, ಬಾಯಿ ಮುಕ್ಕಳಿಸ್ಕೊಂಡೇ ಕೊಟ್ಟಿದ್ದು.”

ಡಾಕ್ಟರಮ್ಮ ಯಜಮಾನರ ಮುಂದೆ ಇನ್ನೊಂದು ಡಬ್ಬಿ ಇಟ್ಟರು. ಹೆಂಡತಿಗೆ ಇದನ್ನು ಅಂಟಿಸಿದವರು ತಾವೇ ಎಂಬುದು ಆಗ ಯಜಮಾನರ ತಲೆಗೆ ಹೋಯಿತು. ಡಬ್ಬಿ ಎತ್ತಿಕೊಂಡು ಹೊರಗೆ ನಡೆದರು. ಆಸ್ಪತ್ರೆಯ ಅಂಗಳದಲ್ಲಿ, ಅಷ್ಟು ಜನರೆದುರು, ಎದೆ ಕಿತ್ತುಬರುವಂತೆ ಕೆಮ್ಮಿದರು. ಹೆಂಡತಿ ಬೆನ್ನು ನೀವಲು ಓಡಿ ಬಂದಳು.

“ಹತ್ರ ಬರ್ಬೇಡ ಕಣೇ, ದೂರ ನಿಂತ್ಕೋ,” ಎಂದರು.

“ಇನ್ಯಾಕ್ರೀ?” ಎಂದಳು ಅವಳು.