ಬಗ್ಗಿ ಎನ್ನುವ ಬದಲು ‘ನಿಮ್ದು’ ಎಂದದ್ದು

ಹೋದ ವಾರ ಆಫೀಸಿನ ಅಡುಗೆಮೂಲೆಯಲ್ಲಿ ಸಹೋದ್ಯೋಗಿಯೊಬ್ಬ ನನ್ನತ್ತ ಒಂದು ಕಿತ್ತಳೆ ಹಣ್ಣು ಎಸೆದ. ಸ್ನೇಹದಿಂದಲೇ ಎಸೆದದ್ದು, ‘ಕ್ಯಾಚ್’ ಎಂದು ಹೇಳಿಯೇ ಎಸೆದದ್ದು. ನಾನು ಹಿಡಿಯಲಿಲ್ಲ. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮೇಜಿನ ಕೆಳಗೆ ಹೋದೆ. ಹಣ್ಣು ಕಾಫಿ ಯಂತ್ರಕ್ಕೆ ತಗಲಿ ಉರುಳಿಕೊಂಡು ನನ್ನ ಪಕ್ಕಕ್ಕೇ ಬಂದು ನಿಂತಿತು. ಹಣ್ಣೂ ನಾನೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆವು. ಮೇಲೆ ಬಂದಾಗ ಅವನು ಬಹಳ ಮೃದುವಾಗಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದ. ಸರಿಯಾಗಿದೆ, ಹಾಕಿ ನೋಡಲು ಹೋಗಿದ್ದೆ ಎಂದೆ. ಯಾವಾಗ ಎಂದ. ಹೋದ ವರ್ಷ ಎಂದೆ. ಅವನು ಕಿತ್ತಳೆಯನ್ನು ಎತ್ತಿ ನನ್ನ ಕೈಗೇ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮೀಟಿಂಗು ಇದೆ ಎಂದು ಹೊರಟುಹೋದ.

ಅವನಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ಸದ್ಯಕ್ಕೆ ಮೀಟಿಂಗು ಇಲ್ಲವೆಂದು ನಂಬಿಕೊಂಡು.

ಇದು ನಮ್ಮ ಹುಲ್ಲಿನ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಮೇಲೆ ಆಡುವುದು. ಕಾಲಿಗೆ ಕತ್ತಿಯಂಥ ಅಲಗು ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ದೊಡ್ಡ ದೊಡ್ಡ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚೆಂಡಿನ ಬದಲು ಪಕ್ಕು ಎಂಬ ಕಪ್ಪು ರಬ್ಬರಿನ ಬಿಲ್ಲೆ ಇರುತ್ತದೆ. ನೋಡಲು ತೂತಿಲ್ಲದ ಉದ್ದಿನ ವಡೆಯ ಹಾಗೆ. ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿಕೊಳ್ಳುತ್ತಾರೆ. ಅದು ಪುಟಿಯದಿರಲಿ ಎಂದು ಹೀಗೆ ಮಾಡುತ್ತಾರಂತೆ. ಪುಟಿಯದ ವಸ್ತು ಹಾರಬಲ್ಲದು ಎಂಬುದನ್ನು ಮಾತ್ರ ಯಾರೂ ನನಗೆ ಹೇಳಿರಲಿಲ್ಲ.

ಒಂದೂವರೆ ವರ್ಷದ ಹಿಂದೆ ಇಂಥದ್ದೊಂದು ತಂಡ ಪಾಲೋ ಆಲ್ಟೋ ಸುತ್ತಲಿನ ನಮ್ಮ ಕೊಲ್ಲಿಯ ಊರುಗಳಿಗೆ ಬಂದಿತು. ಹುಟ್ಟಿದ್ದಲ್ಲ, ಬಂದದ್ದು. ಉತ್ತರದ ಕಡೆ ಒಂದು ಚಳಿಯ ಊರಿನಲ್ಲಿ ಬಹಳ ವರ್ಷ ಆಡಿಕೊಂಡಿತ್ತು. ಅಲ್ಲಿ ಹೊಸ ಕ್ರೀಡಾಂಗಣ ಕಟ್ಟಿಕೊಡಲಿಲ್ಲವೆಂದು ಮಾಲೀಕನಿಗೆ ಬೇಸರವಾಗಿ, ಆಟಗಾರರು, ಕೋಲು, ತರಬೇತುದಾರ, ಎಲ್ಲವನ್ನೂ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದ. ಅವರು ಊರು ಬಿಟ್ಟು ಬಂದವರು, ನಾವೂ ಬಂದವರು ಎಂದು ಇಲ್ಲಿ ಒಂದು ಸಂಬಂಧ ಕಲ್ಪಿಸಿ ಎರಡು ಪುಟ ಬರೆಯಬಹುದು. ಆದರೆ ನಾವು ಬಂದ ವರ್ಷ ಇಷ್ಟು ಕೆಟ್ಟದಾಗಿ ಸೋಲಲಿಲ್ಲ.

ಮೊದಲ ಪಂದ್ಯದಲ್ಲೇ ಧ್ವನಿವರ್ಧಕದವನು ತಂಡವನ್ನು ಹಳೆಯ ಊರಿನ ಹೆಸರಿನಿಂದ ಕರೆದುಬಿಟ್ಟ. ಆಟಗಾರರು ಅಭ್ಯಾಸಬಲದಿಂದ ಕೈ ಬೀಸಿದರು. ಅವರ ಸ್ವಂತ ಕ್ರೀಡಾಂಗಣ ಇನ್ನೂ ಕಾಗದದ ಮೇಲಿತ್ತಾದ್ದರಿಂದ, ನಾಯಿಗಳ ಪ್ರದರ್ಶನ, ಮದುವೆ ಉಡುಪಿನ ಮೇಳ ಎಲ್ಲವೂ ನಡೆಯುತ್ತಿದ್ದ ಒಂದು ಹಳೆಯ ಸಭಾಂಗಣದಲ್ಲಿ ಆಡುತ್ತಿದ್ದರು. ಮಂಜುಗಡ್ಡೆ ಗಟ್ಟಿಯಾಗುತ್ತಿರಲಿಲ್ಲ. ಎದುರಾಳಿಗಳೂ ಅದೇ ನೀರಿನಲ್ಲಿ ಆಡುತ್ತಿದ್ದರು, ಆದರೆ ಅವರು ಗೆಲ್ಲುತ್ತಿದ್ದರು. ಬಾಗಿಲಲ್ಲಿ ಹಳೆಯ ಊರಿನಿಂದ ಬಂದ ಮುದುಕನೊಬ್ಬ ‘ನಮ್ಮ ತಂಡ ನಮಗೆ ಕೊಡಿ’ ಎಂಬ ಫಲಕ ಹಿಡಿದು ನಿಂತಿರುತ್ತಿದ್ದ. ಡಿಸೆಂಬರಿನ ಹೊತ್ತಿಗೆ ಅವನೂ ಬರುವುದನ್ನು ನಿಲ್ಲಿಸಿದ. ಇಷ್ಟು ಸೋತದ್ದನ್ನು ವಾಪಸು ಕೇಳುವುದು ಬೇಡವೆನಿಸಿರಬೇಕು.

ಕುರ್ಚಿ ತುಂಬಿಸಲು ತಂಡದವರು ಸಿಕ್ಕ ಸಿಕ್ಕ ಸಂಘಗಳಿಗೆಲ್ಲ ಟಿಕೆಟ್ಟು ಕಳಿಸಿದರು. ನಮ್ಮ ಕನ್ನಡ ಬಳಗಕ್ಕೂ ನಲವತ್ತು ಬಂದವು. ಹೋದವರು ಮೂವರು. ನಾನು, ದೇಸಾಯಿ ಡಾಕ್ಟರು, ಮತ್ತು ಅವರ ಹೆಂಡತಿ ಸುಧಾ ವೈನಿ. ಧಾರವಾಡದ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ನಾನು ಮೈಸೂರಿನವನಾದರೂ ಅವರ ಮನೆಯ ಚಪಾತಿ ತಿನ್ನುತ್ತ ತಿನ್ನುತ್ತ ಹಾಗೇ ಕರೆಯುವುದನ್ನು ಕಲಿತೆ. ಡಾಕ್ಟರು ಪಾಲೋ ಆಲ್ಟೋದಲ್ಲಿ ಕಣ್ಣಿನ ಸರ್ಜನ್. ಪ್ರತಿ ಸೋಮವಾರ ಪೊರೆ ತೆಗೆಯುವ ದಿನ. ಮೆಡಿಕಲ್ ಕಾಲೇಜಿನಲ್ಲಿ ಅವರು ವಿಕೆಟ್ ಕೀಪರ್ ಆಗಿದ್ದರು. ವೈನಿ ವಿಶ್ವವಿದ್ಯಾಲಯದ ಥ್ರೋಬಾಲ್ ತಂಡದ ನಾಯಕಿ. ಇವೆರಡನ್ನೂ ನೆನಪಿಟ್ಟುಕೊಳ್ಳಿ. ನಾನು ಆ ದಿನ ನೆನಪಿಟ್ಟುಕೊಳ್ಳದೆ ಕೆಟ್ಟೆ.

ಒಂದು ಸಲ ಹೋಗಿ ಸುಮ್ಮನಾಗಬೇಕಾಗಿತ್ತು. ಆದರೆ ಡಾಕ್ಟರಿಗೆ ಆ ತಂಡದ ಗೋಲ್‌ಕೀಪರನ ಮೇಲೆ ಪ್ರೀತಿ ಹುಟ್ಟಿತು. ಅವನು ಮೊದಲ ದಿನ ಏಳು ಗೋಲು ಬಿಟ್ಟ. ಏಳನೆಯದಾದ ಮೇಲೆ ಡಾಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಏನ್ ಡಾಕ್ಟ್ರೇ, ಅವರಿಗೆ ತಟ್ತಿದೀರಾ?” ಎಂದೆ.

“ಇವಗ ತಟ್ಟಾಕತ್ತೀನಿ. ಮುಂದಿನವರು ಎಲ್ಲಾರೂ ಕೈ ಬಿಟ್ಟಾರ, ಇವನೊಬ್ಬನ ನಿಂತಾನ. ಕೀಪರ್‌ನ ಸಂಕಟ ನಿನಗೇನು ಗೊತ್ತು, ತಮ್ಮಾ? ನೂರು ಹಿಡದ್ರ ಯಾರೂ ನೋಡೂದಿಲ್ಲ, ಒಂದ ಬಿಟ್ರ ಊರೆಲ್ಲಾ ನೋಡ್ತದ.”

“ಅಂವಾ ಏಳು ಬಿಟ್ಟಾನ್ರಿ,” ಎಂದರು ವೈನಿ, ಕಣ್ಣು ತೆಗೆಯದೆ.

ಹೀಗೆ ನಾವು ಆ ತಂಡದ ಅಭಿಮಾನಿಗಳಾದೆವು. ಭಾನುವಾರ ಮಧ್ಯಾಹ್ನದ ಪಂದ್ಯಗಳಿಗೆ ಫ್ರೀವೇ ಹಿಡಿದು ಹೋಗುವುದು, ಅಂಕಣದ ಉದ್ದದ ಬದಿಯ ಎಂಟನೆಯ ಸಾಲಿನಲ್ಲಿ ಕೂರುವುದು, ಸೋಲುವುದು, ಬರುವುದು. ನಮ್ಮ ಸಾಲುಗಳನ್ನು ನೋಡಿಕೊಳ್ಳುವ ಒಬ್ಬ ಮುದುಕಿ ಇದ್ದಳು, ಕೆಂಪು ಕೋಟಿನವಳು. ಪ್ರತಿ ಸಲವೂ ಬಂದು, ಪಕ್ಕಿನ ಮೇಲೆ ಕಣ್ಣಿಟ್ಟಿರಿ ಎಂದು ಹೇಳಿಹೋಗುತ್ತಿದ್ದಳು. ಗೋಲಿನ ಹಿಂದಿನ ಸಾಲುಗಳಿಗೆ ಬಲೆ ಕಟ್ಟಿದ್ದರು. ನಮ್ಮ ಕಡೆಗೆ ಗಾಜಿನ ಗೋಡೆ ಮಾತ್ರ, ಅದರ ಮೇಲೆ ಗಾಳಿ. ವಿಮಾನದಲ್ಲಿ ಬೆಲ್ಟು ಕಟ್ಟುವುದನ್ನು ತೋರಿಸುತ್ತಾರಲ್ಲ, ಆ ಬಗೆಯ ಮಾತು ಎಂದುಕೊಂಡು ನಾನು ತಲೆಯಾಡಿಸಿ ಪಾಪ್‌ಕಾರ್ನ್ ತಿನ್ನುತ್ತಿದ್ದೆ.

ಫೆಬ್ರುವರಿಯ ಆ ಭಾನುವಾರ ನಮ್ಮವರು ಆಶ್ಚರ್ಯವೆಂಬಂತೆ ಮುಂದಿದ್ದರು. ಕೊನೆಯ ಹಂತ. ಎದುರಾಳಿಯೊಬ್ಬ ಬೀಸಿ ಹೊಡೆದ ಪಕ್ಕು ನಮ್ಮವನ ಕೋಲಿಗೆ ತಗಲಿ ದಿಕ್ಕು ಬದಲಿಸಿತು. ಗಾಜಿನ ಮೇಲಕ್ಕೆ ಬಂತು. ಅದು ಮೇಲೇರಿದ್ದು ನನಗೆ ಕಂಡಿತು. ಇಲ್ಲಿಂದ ಮುಂದಿನದನ್ನು ನಾನು ಒಂದು ವರ್ಷದಿಂದ ನಿಧಾನಗತಿಯಲ್ಲಿ ನೋಡುತ್ತಿದ್ದೇನೆ, ಹೆಚ್ಚಾಗಿ ಆಫೀಸಿಗೆಂದು ರೆಡ್‌ವುಡ್ ಸಿಟಿಗೆ ಹೋಗುವ ರೈಲಿನಲ್ಲಿ.

ಮೈಸೂರಿನ ಮೈದಾನಗಳಲ್ಲಿ ಬೆಳೆದವನಿಗೆ, ಮೇಲಕ್ಕೆ ಹೋದದ್ದು ಏನೇ ಆಗಲಿ, ಅದು ಕ್ಯಾಚು. ಅದರಲ್ಲೂ ಒಂದು ನಿಯಮವಿದೆ. ಚೆಂಡು ಇಬ್ಬರ ನಡುವೆ ಬಂದರೆ ಇಬ್ಬರೂ ಓಡಿ ಡಿಕ್ಕಿ ಹೊಡೆಯಬಾರದೆಂದು, ಯಾರದು ಎಂಬುದನ್ನು ನೋಡಿದವನು ಕೂಗಿ ಹೇಳಬೇಕು. ನಾನು ನೋಡಿದವನು. ಅದು ನೇರ ಡಾಕ್ಟರ ಕಡೆಗೆ ಬರುತ್ತಿತ್ತು. ಓದಿದವನು, ಎಂಜಿನಿಯರು, ಗಟ್ಟಿ ರಬ್ಬರು ಎಷ್ಟು ವೇಗದಲ್ಲಿ ಬಂದರೆ ಎಲುಬಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಲು ಬರುವವನು ಆಗ ಏನು ಕೂಗಬೇಕಿತ್ತು? ‘ಬಗ್ಗಿ!’ ಎರಡೇ ಅಕ್ಷರ. ನಾನು ಕೂಗಿದ್ದು:

“ಕ್ಯಾಚ್! ನಿಮ್ದು! ನಿಮ್ದು!”

ಆ ಗಾಬರಿಯಲ್ಲೂ ನಾನು ಬಹುವಚನ ಬಿಡಲಿಲ್ಲ. ಹಿರಿಯರಿಗೆ ‘ನಿಂದು’ ಎನ್ನಲು ನಾಲಗೆ ಏಳಲಿಲ್ಲ. ಡಾಕ್ಟರು ಎದ್ದರು. ಎರಡೂ ಕೈಗಳನ್ನು ಜೋಡಿಸಿ ಎದೆಯ ಮಟ್ಟದಲ್ಲಿ ಹಿಡಿದರು, ಬೆರಳು ಮೇಲೆ, ಪಾಠದ ಪುಸ್ತಕದಲ್ಲಿರುವಂತೆ. ಅದೇ ಕ್ಷಣ ವೈನಿಯೂ ಎದ್ದರು. ಅವರನ್ನೂ ನಾನು ಬಹುವಚನದಲ್ಲೇ ಕರೆಯುವುದಲ್ಲವೇ? ಇಬ್ಬರೂ ಭುಜಕ್ಕೆ ಭುಜ ಡಿಕ್ಕಿ ಹೊಡೆದು, ಡಾಕ್ಟರು ನನ್ನ ಪಾಪ್‌ಕಾರ್ನಿನ ಮೇಲೆ, ವೈನಿ ಮುಂದಿನ ಸಾಲಿನ ಕುರ್ಚಿಯ ಮೇಲೆ ಬಿದ್ದರು. ಡಾಕ್ಟರ ಕೈ ಇದ್ದ ಜಾಗದಲ್ಲಿ ಆ ಕಪ್ಪು ವಸ್ತು ಹಾದುಹೋಯಿತು. ಹಿಂದೆ ಫಟ್ ಎಂಬ ಸದ್ದು. ತಿರುಗಿ ನೋಡಿದರೆ ಹಿಂದಿನ ಕುರ್ಚಿಯ ಬೆನ್ನು ಎರಡು ತುಂಡಾಗಿತ್ತು.

ಆ ಕುರ್ಚಿ ಖಾಲಿಯಿತ್ತು. ಆ ಸಾಲೇ ಖಾಲಿಯಿತ್ತು. ತಂಡ ಚೆನ್ನಾಗಿ ಆಡುತ್ತಿದ್ದರೆ ಅಲ್ಲಿ ಒಬ್ಬರು ಕೂತಿರುತ್ತಿದ್ದರು. ಈ ವರ್ಷ ಅವರು ಅಷ್ಟಿಷ್ಟು ಗೆಲ್ಲುತ್ತಿದ್ದಾರಂತೆ, ಜನ ಬರುತ್ತಿದ್ದಾರಂತೆ. ಈ ಸುದ್ದಿ ನನಗೆ ಸಂತೋಷ ಕೊಡುವುದಿಲ್ಲ.

ಕೆಂಪು ಕೋಟಿನ ಮುದುಕಿ ಓಡಿಬಂದಳು. ಯಾರಿಗೂ ಏನೂ ಆಗಿಲ್ಲವೆಂದು ಖಚಿತ ಮಾಡಿಕೊಂಡು ಒಂದು ಫಾರಮ್ಮು ಕೊಟ್ಟಳು. ‘ಏನು ನಡೆಯಿತು, ವಿವರಿಸಿ’ ಎಂಬ ಜಾಗದಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆದರು: ಸುಲಭದ ಕ್ಯಾಚು, ಹೆಂಡತಿ ಅಡ್ಡ ಬಂದಳು. ಅವಳು ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡಳು. ಅಷ್ಟರಲ್ಲಿ ನಮ್ಮವರು ಎರಡು ಗೋಲು ಬಿಟ್ಟು ಸೋತಿದ್ದರು.

ಕಾರಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ಮರುದಿನ ಸೋಮವಾರ, ಡಾಕ್ಟರು ಆರು ಜನರ ಕಣ್ಣಿನ ಪೊರೆ ತೆಗೆಯುವವರಿದ್ದರು. ಆ ಬೆರಳುಗಳನ್ನು ನಾನು ಪಕ್ಕಿಗೆ ಒಡ್ಡಿಸಿದ್ದೆ. ಕ್ಷಮೆ ಕೇಳಬೇಕೆಂದು ಹಿಂದಿನ ಸೀಟಿನಿಂದ ಬಾಯಿ ತೆಗೆದರೆ, ಮುಂದಿನ ಸೀಟುಗಳ ಜಗಳದಲ್ಲಿ ನನ್ನ ಮಾತಿಗೆ ಜಾಗವೇ ಇರಲಿಲ್ಲ.

“ನಂದ ಇತ್ತದು. ನೀ ಯಾಕ ನಡು ಬಂದಿ?” ಎಂದರು ಡಾಕ್ಟರು.

“ನೀವ ನಡು ಬಂದ್ರಿ. ಅಂವಾ ‘ನಿಮ್ದು’ ಅಂದದ್ದು ನನಗ.”

“ನಿನಗ ಯಾಕ ಅಂತಾನ? ಕೀಪರ್ ನಾನೋ ನೀನೋ?”

“ಕೀಪರ್! ಹೋದ ವಾರ ಹಾಲಿನ ಡಬ್ಬಿ ಕೈ ಬಿಟ್ಟವರು ಯಾರು?”

ಈ ಜಗಳ ಮನೆ ಮುಟ್ಟುವವರೆಗೆ ನಡೆಯಿತು. ಆಮೇಲೆ ವರ್ಷವಿಡೀ ನಡೆಯಿತು. ಬಳಗದ ಯುಗಾದಿ ಊಟದಲ್ಲಿ, ಯಾರದೋ ಗೃಹಪ್ರವೇಶದಲ್ಲಿ, ಕಂಡ ಕಂಡವರನ್ನೆಲ್ಲ ಅಂಪೈರು ಮಾಡಿ ಇಬ್ಬರೂ ತಮ್ಮ ತಮ್ಮ ವಾದ ಹೇಳುತ್ತಿದ್ದರು. ಡಾಕ್ಟರು ಚಮಚ, ಉಪ್ಪಿನ ಬಟ್ಟಲು ಇಟ್ಟು ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೊಬ್ಬ ಆ ಬಟ್ಟಲನ್ನು ನೋಡಿ ಊಟ ಬಿಡುತ್ತಿದ್ದೆ. ನಾನು ಅಪಾಯವನ್ನು ಮತ್ತೆ ಮತ್ತೆ ನೋಡುತ್ತಿದ್ದೆ, ಅವರು ಕೈಬಿಟ್ಟ ಕ್ಯಾಚನ್ನು ನೋಡುತ್ತಿದ್ದರು. ಅಪರಾಧಿಗೆ ತಪ್ಪೊಪ್ಪಿಕೊಳ್ಳಲು ಅವಕಾಶವಾದರೂ ಬೇಡವೇ?

ಕಿತ್ತಳೆಯ ಪ್ರಸಂಗವಾದ ಮೇಲೆ ಇನ್ನು ತಡೆಯಲಾರೆ ಎನಿಸಿತು. ನಿನ್ನೆ ಬೆಳಿಗ್ಗೆ ಅವರ ಮನೆಗೆ ಹೋದೆ. ಡಾಕ್ಟರು ಸ್ನಾನಕ್ಕೆ ಹೋಗಿದ್ದರು. ವೈನಿ ಚಪಾತಿ ಲಟ್ಟಿಸುತ್ತಿದ್ದರು. ಕೂರುವ ಮೊದಲೇ ಹೇಳಿಬಿಟ್ಟೆ.

“ವೈನಿ, ಅವತ್ತು ನಾನು ಹಾಗೆ ಕೂಗ್ಬಾರ್ದಿತ್ತು. ಬಗ್ಗಿ ಅನ್ಬೇಕಿತ್ತು. ಡಾಕ್ಟ್ರ ಕೈ ಹೋಗ್ಬಿಡ್ತಿತ್ತು. ನಿಮ್ಮಿಬ್ಬರಿಗೂ ನಾನೇ...”

ವೈನಿ ಬಚ್ಚಲಿನ ಕಡೆ ನೋಡಿದರು. ನೀರು ಬೀಳುವ ಸದ್ದು ಇನ್ನೂ ಇತ್ತು.

“ಸಾವಕಾಶ ಮಾತಾಡು,” ಎಂದರು. “ನಾ ಹಿಡೀಲಿಕ್ಕೆ ಎದ್ದೆ ಅಂತ ತಿಳದೀಯೇನು?”

ವೈನಿ ಮತ್ತೊಂದು ಉಂಡೆ ತೆಗೆದುಕೊಂಡರು.

“ಆ ಮುದುಕಿ ಪ್ರತೀ ಸಲ ಹೇಳ್ತಿದ್ಲಲ್ಲ, ಅದರ ಮ್ಯಾಲೆ ಕಣ್ಣಿಡ್ರಿ ಅಂತ. ನೀವಿಬ್ರೂ ಆಟಾ ನೋಡ್ತಿದ್ರಿ. ನಾ ಅದನ್ನ ನೋಡ್ತಿದ್ದೆ. ಥ್ರೋಬಾಲ್ ಆಡಿದಾಕಿ ನಾನು. ಯಾವದು ಹಿಡೀಬೇಕು, ಯಾವದು ಬಿಡಬೇಕು, ಅಷ್ಟೂ ತಿಳಿಯೂದಿಲ್ಲೇನು? ಇವರು ಕೈ ಒಡ್ಡಿದ್ದು ಕಾಣಿಸ್ತು. ಹೇಳ್ಲಿಕ್ಕೆ ಟೈಮ್ ಎಲ್ಲಿತ್ತು? ದೂಡಿದೆ.”

“ಮತ್ತೆ ಆ ಜಗಳ?”

“ಮರುದಿನ ಆರು ಮಂದಿ ಕಣ್ಣಿದ್ವು. ‘ನಿಮ್ಮ ಕೈ ಹೋಗೂದಿತ್ತು’ ಅಂತ ಹೇಳಿದ್ರ, ಅದ ಕೈಲೆ ಮುಂಜಾನೆ ಕಣ್ಣು ಮುಟ್ಟತಿದ್ರೇನು? ಹೆದರಿಕಿ ಹೊಕ್ಕರ ಕೈ ನಡಗ್ತದ. ಅದಕ್ಕ ಜಗಳಾ ತಗದೆ. ಸಿಟ್ಟಿನ್ಯಾಗ ಇದ್ದ ಮನಿಶ್ಯಾಗ ಹೆದರಿಕಿ ನೆನಪಾಗೂದಿಲ್ಲ.”

“ಒಂದು ವರ್ಷ ಆಯ್ತಲ್ಲ ವೈನಿ. ಈಗಲಾದ್ರೂ ಹೇಳಬಹುದಲ್ಲ?”

“ಪ್ರತೀ ಸೋಮವಾರ ಕಣ್ಣು ಇರ್ತಾವ, ತಮ್ಮಾ,” ಎಂದು ಅವರು ಚಪಾತಿಯನ್ನು ಹಂಚಿಗೆ ಹಾಕಿದರು.

ನೀರಿನ ಸದ್ದು ನಿಂತಿತು. ನಾನು ಒಂದು ವರ್ಷ ಹೊತ್ತು ತಂದ ಮಾತು ಅರ್ಧ ಹೇಳಿ ಅರ್ಧ ನುಂಗಿಕೊಂಡದ್ದಾಯಿತು. ಡಾಕ್ಟರು ತಲೆ ಒರೆಸಿಕೊಳ್ಳುತ್ತ ಬಂದು ನನ್ನನ್ನು ಕಂಡವರೇ ಮುಖ ಅರಳಿಸಿದರು.

“ಬಂದ್ಯಾ! ಬಾ, ಇವತ್ತ ಈ ಜಗಳಾ ನಿಕಾಲಿ ಆಗಿಬಿಡ್ಲಿ. ಕೂಗಿದವಾ ನೀನು, ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಹೇಳು, ಯಾರ ಕ್ಯಾಚ್ ಅದು?”

ವೈನಿ ತಿರುಗಲಿಲ್ಲ. ಚಪಾತಿ ಉಬ್ಬುತ್ತಿತ್ತು.

“ವೈನೀದು,” ಎಂದೆ.

ಡಾಕ್ಟರು ಟವಲನ್ನು ಹೆಗಲ ಮೇಲೆ ಹಾಕಿಕೊಂಡರು. ಅಂಪೈರು ತೀರ್ಪು ಕೊಟ್ಟ ಮೇಲೆ ಎದುರಾಡುವವರಲ್ಲ ಅವರು.

“ಅಂದ್ರ ಅಡ್ಡ ಬಂದಾವಾ ನಾನು?”

“ಹೌದು, ಡಾಕ್ಟ್ರೇ.”

“ಸಾರಿ, ಸುಧಾ,” ಎಂದರು.

“ಇರ್ಲಿ ಬಿಡ್ರಿ,” ಎಂದರು ವೈನಿ, ಬೆನ್ನು ತಿರುಗಿಸಿಕೊಂಡೇ. “ಕೈ ತೊಳಕೊಂಡು ಕೂಡ್ರಿ.”