ಗುಂಡಿ ಡಬ್ಬಿಯ ರವಿವಾರದ ಖಾನೆ

2019ರಲ್ಲಿ ನಾನು ರೋಣದಲ್ಲಿ ಸಭಾಪಾಲಕನಾಗಿದ್ದೆ. ಸಭಾಪಾಲಕ ಎಂದರೆ ಚರ್ಚಿನ ಪಾದ್ರಿ. ನಮ್ಮ ಜನ ಅಯ್ಯನವರು ಎನ್ನುತ್ತಾರೆ. ನನ್ನ ಪಾಲಿಗೆ ಮೂರು ಊರುಗಳಿದ್ದವು: ರೋಣ, ಗಜೇಂದ್ರಗಡ, ನರಗುಂದ. ಮೂರೂ ಸೇರಿ ನಲವತ್ತೊಂದು ಮನೆ. ರವಿವಾರ ಬೆಳಿಗ್ಗೆ ಗಜೇಂದ್ರಗಡದಲ್ಲಿ ಆರಾಧನೆ, ಸಂಜೆ ರೋಣದಲ್ಲಿ, ತಿಂಗಳಿಗೆ ಎರಡು ಶನಿವಾರ ನರಗುಂದದಲ್ಲಿ. ಮೂವತ್ತೊಂದು ವರ್ಷ ಈ ಸೇವೆ ಮಾಡಿ ನಿವೃತ್ತನಾಗಿದ್ದೇನೆ. ಎಷ್ಟೋ ಮದುವೆ ಮಾಡಿಸಿದ್ದೇನೆ, ಎಷ್ಟೋ ಮಂದಿಯನ್ನು ಮಣ್ಣು ಮಾಡಿದ್ದೇನೆ, ಅಣ್ಣತಮ್ಮಂದಿರ ಜಗಳ ಬಿಡಿಸಿದ್ದೇನೆ. ಅವನ್ನು ಬರೆದರೆ ನನಗೆ ಹೆಸರು ಬರುತ್ತದೆ. ಇಲ್ಲಿ ಬರೆಯುತ್ತಿರುವುದು ಹೆಸರು ತರುವ ಸಂಗತಿಯಲ್ಲ. ಒಬ್ಬ ನರ್ಸ್ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಒಂದು ಜೀವವನ್ನು ಸಾವಿನ ಬಾಗಿಲವರೆಗೆ ಕರೆದೊಯ್ದದ್ದು.

ಗಜೇಂದ್ರಗಡದ ಸಭೆಯಲ್ಲಿ ಕೃಪಾವತಿ ಎಂಬ ಹೆಣ್ಣುಮಗಳಿದ್ದಳು. ಮೂವತ್ತನಾಲ್ಕು ವಯಸ್ಸು. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ನೇಕಾರರ ಮನೆಗಳಿಗೆ ಜಂಪರು ಹೊಲಿದು ಕೊಡುತ್ತಿದ್ದಳು. ಗಂಡ ಗೋವೆಯಲ್ಲಿ ಮನೆ ಕಟ್ಟುವ ಗೌಂಡಿ, ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ಮನೆಯಲ್ಲಿ ಜೊತೆಗಿದ್ದವಳು ಅತ್ತೆ ಎಸ್ತೇರವ್ವ. ಆರಾಧನೆಯಲ್ಲಿ ಹಾಡು ಎತ್ತಿಕೊಡುವವಳು ಕೃಪಾವತಿಯೇ. ಅವಳು ಹಾಡಿದರೆ ಚರ್ಚಿನ ಪಕ್ಕದ ಮನೆಯ ಮಗ್ಗ ನಿಲ್ಲುತ್ತದೆ ಎಂದು ಜನ ಹೇಳುತ್ತಿದ್ದರು. ನನ್ನ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಯಾವ ಮಗ್ಗವೂ ನಿಂತದ್ದಿಲ್ಲ.

ಆ ವರ್ಷ ಜನವರಿಯಲ್ಲಿ ಅವಳ ಹಾಡು ನಿಂತಿತು. ಮೊದಲು ಗಂಟಲು ನೋವು ಅಂದಳು, ಆಮೇಲೆ ಚರ್ಚಿಗೆ ಬರುವುದನ್ನೇ ಬಿಟ್ಟಳು. ಮನೆಗೆ ಹೋಗಿ ನೋಡಿದೆ. ಮಷಿನ್ ಮೇಲೆ ಧೂಳು ಕೂತಿತ್ತು. ಕತ್ತಲಿರುವಾಗಲೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ, ಊಟ ಬೇಡ, ತಲೆ ಬಾಚಿಕೊಳ್ಳುವುದೂ ಬೇಡ ಎಂದು ಎಸ್ತೇರವ್ವ ಹೇಳಿದಳು. ಕೃಪಾವತಿ ಗೋಡೆ ನೋಡುತ್ತ ಕೂತಿದ್ದಳು. ಇದು ಖಿನ್ನತೆ, ಡಿಪ್ರೆಶನ್ ಎನ್ನುವ ರೋಗ ಎಂದು ಈಗ ನನಗೆ ಗೊತ್ತು. ಆಗ ನಾನು ಆಡಿದ ಮಾತು ಬೇರೆ.

"ವಿಶ್ವಾಸ ಕಮ್ಮಿ ಆಗೇತವ್ವಾ. ದೇವರು ಎಷ್ಟ ಕೊಟ್ಟಾನ ನಿನಗ, ಅದನ್ನ ನೆನಸು."

ಅವಳು ತಲೆ ತಗ್ಗಿಸಿದಳು. ಮೂರು ದಿನದ ಉಪವಾಸ ಪ್ರಾರ್ಥನೆ ಹಾಕಿಕೊಟ್ಟೆ. ಮೊದಲೇ ಊಟ ಬಿಟ್ಟವಳಿಗೆ ಉಪವಾಸ! ಆದರೆ ನನ್ನ ಹತ್ತಿರ ಇದ್ದ ಔಷಧ ಅದೊಂದೇ. ಎರಡು ತಿಂಗಳಲ್ಲಿ ಹಾಗೆ ಮೂರು ಸಲ ಮಾಡಿಸಿದೆ. ಅವಳು ಇನ್ನಷ್ಟು ಸೊರಗಿದಳು.

ಮಾರ್ಚ್ ತಿಂಗಳಲ್ಲಿ ಓಣಿಯ ಆಶಾ ಕಾರ್ಯಕರ್ತೆಯೊಬ್ಬಳು ನನ್ನನ್ನು ಕೇಳದೆ ಅವಳನ್ನು ಬಸ್ಸು ಹತ್ತಿಸಿ ರೋಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಗೆ ಮಂಗಳವಾರ ಮನೋವೈದ್ಯರು ಬರುತ್ತಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ನರ್ಸ್ ಹೆಸರು ಮಂಜುಳಾ. ಇಟಗಿಯವರು. ಹಣೆಯ ಮೇಲೆ ವಿಭೂತಿ, ಮಾತಿಗೊಮ್ಮೆ ಊರ ದೇವಿ ಭೀಮವ್ವನ ಹೆಸರು. ವೈದ್ಯರು ಗುಳಿಗೆ ಬರೆದರು. ಅದು ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು, ಪೂರ್ತಿ ಆರಾಮಾದ ಮೇಲೂ ಹಲವು ತಿಂಗಳು ನುಂಗಬೇಕು, ವೈದ್ಯರನ್ನು ಕೇಳದೆ ಬಿಡಬಾರದು ಎಂದು ಮಂಜುಳಾ ತಿಳಿಹೇಳಿದರು. ನೆನಪು ಉಳಿಯಲೆಂದು ಕೃಪಾವತಿಯ ಗುಂಡಿ ಡಬ್ಬಿಯನ್ನೇ ತರಿಸಿದರು. ಜಂಪರಿನ ಗುಂಡಿ, ಹುಕ್ಕು ಇಡುವ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಏಳು ಖಾನೆ. ಒಂದೊಂದು ಖಾನೆಯ ಮೇಲೆ ಒಂದೊಂದು ವಾರದ ಹೆಸರು ಬರೆದು ಗುಳಿಗೆ ತುಂಬಿಸಿಕೊಟ್ಟರು.

ಏಪ್ರಿಲ್ ಕೊನೆಗೆ ಕೃಪಾವತಿ ತಾನೇ ರೊಟ್ಟಿ ಬಡಿದಳು. ಮೇ ತಿಂಗಳಲ್ಲಿ ಮಷಿನ್ ಸದ್ದು ಕೇಳಿತು. ನಾನು ಸಂತೋಷಪಡಬೇಕಿತ್ತು. ನನ್ನ ಹೊಟ್ಟೆ ಉರಿಯಿತು.

ಯಾಕೆಂದರೆ ಆ ಮನೆಯಲ್ಲಿ ಈಗ ಬಾಯಿ ತೆಗೆದರೆ ಮಂಜುಳಾ ಸಿಸ್ಟರ್. ಸಿಸ್ಟರ್ ಹಿಂಗ ಅಂದ್ರು, ಸಿಸ್ಟರ್ ಹಂಗ ಅಂದ್ರು. ಅವರು ಸ್ಕೂಟಿಯಲ್ಲಿ ಮನೆಗೆ ಬಂದರೆ ಒಂದು ತಾಸು ಕೂತು ಮಾತು. ನಾನು ಹೋದರೆ ಹತ್ತು ನಿಮಿಷಕ್ಕೆ "ಚಾ ಕುಡದ ಹೋಗ್ರಿ ಅಯ್ಯನೋರ". ಚಹಾ ಎಂದರೆ ಹೊರಡಿ ಎಂದರ್ಥ. ಒಂದು ದಿನ ರೋಣದ ಬಸ್ ನಿಲ್ದಾಣದಲ್ಲಿ ಮಂಜುಳಾ ಸಿಕ್ಕರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅಯ್ಯನೋರ, ಕೃಪಾ ಒಂದ ಮಾತ ಹೇಳ್ಯಾಳ್ರಿ. ನಿಮಗ ತಿಳಿಸ್ಲೇನು ಅಂತ ಆಕಿನ್ನ ಕೇಳೇ ಹೇಳಾಕತ್ತೇನಿ. ದೇವರು ತನ್ನ ಕಡೆ ಬೆನ್ನ ಮಾಡ್ಯಾನ ಅಂತ ಆಕಿಗೆ ಅನಸ್ತಿತ್ತಂತ. ಅದರ ಬಗ್ಗೆ ನೀವು ಆಕಿ ಕೂಡ ಮಾತಾಡಿದ್ರ ಚಲೋ."

ನಿದ್ದೆಯ ಮಾತು, ಊಟದ ಮಾತು ನರ್ಸಿಗೆ ಹೇಳಲಿ. ದೇವರ ಮಾತು? ಅದು ನನ್ನ ಖಾತೆ! ಹದಿನಾಲ್ಕು ಸಲ ಅವಳ ಮನೆಗೆ ಹೋಗಿದ್ದೆ, ಎಣಿಸಿದ್ದೇನೆ. ನನಗೆ ಹೇಳದ್ದನ್ನು ಇವರಿಗೆ ಹೇಳಿದ್ದಾಳೆ. ವಿಶ್ವಾಸ ಕಮ್ಮಿ ಎಂದು ಬೈದವನ ಮುಂದೆ ಆ ಮಾತು ಯಾರು ಹೇಳುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಹೆಂಡತಿ ಸುಶೀಲಾಳ ಮುಂದೆ ಕೂಗಾಡಿದೆ. ಅವಳು ಮೆಂತ್ಯೆ ಸೋಸುತ್ತ ತಲೆ ಎತ್ತದೆ ಹೇಳಿದಳು: "ಕುರಿ ಒಂದ ಐತಿ. ಕಾಯಾಕ ಇಬ್ಬರಾದ್ರ ಕುರಿಗೇ ಚಲೋ. ನಿಮಗ್ಯಾಕ ಸಂಕಟ?"

ಸಂಕಟ ಇತ್ತು. ಅದಕ್ಕೊಂದು ಉಪಾಯ ಹುಡುಕಿದೆ.

ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಕಷ್ಟದಿಂದ ಪಾರಾದವರು ಆರಾಧನೆಯ ನಡುವೆ ಎದ್ದು ನಿಂತು, ದೇವರು ತಮಗೆ ಮಾಡಿದ ಉಪಕಾರವನ್ನು ಸಭೆಗೆ ತಿಳಿಸುತ್ತಾರೆ. ಒಮ್ಮೆ ಹೇಳಿದರೆ ಅದು ದೇವರ ಮುಂದೆ ಕೊಟ್ಟ ಮಾತು. ಜೂನ್ ತಿಂಗಳ ಮೊದಲ ರವಿವಾರ ಸಾಕ್ಷಿ ಹೇಳು ಎಂದು ಕೃಪಾವತಿಗೆ ಹೇಳಿದೆ. ಅವಳು ಕೇಳಿದಳು:

"ಗುಳಗಿ ಸುದ್ದೀನೂ ಹೇಳ್ಲೇನ್ರಿ ಅಯ್ಯನೋರ?"

"ಅದ್ಯಾಕವ್ವಾ? ಚರ್ಚಿನ್ಯಾಗ ದೇವರ ಸುದ್ದಿ ಸಾಕು."

ನನ್ನ ಮೂವತ್ತೊಂದು ವರ್ಷಗಳಲ್ಲಿ ಆಡಬಾರದಿದ್ದ ಮಾತು ಒಂದಿದ್ದರೆ ಅದು ಇದೇ. ಕೃಪಾವತಿ ಎದ್ದು ನಿಂತು, ಪ್ರಾರ್ಥನೆಯಿಂದ ದೇವರು ನನ್ನನ್ನು ಸ್ವಸ್ಥ ಮಾಡಿದನು ಎಂದಳು. ಹಲ್ಲೆಲೂಯ ಎಂದು ಸಭೆ ಕೂಗಿತು. ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದು, ನಿಮ್ಮ ಪ್ರಾರ್ಥನೆ ದೊಡ್ಡದು ಎಂದರು. ಇಟಗಿಯ ಸಿಸ್ಟರ್ ಇದನ್ನು ಕೇಳಬೇಕಿತ್ತು ಎಂದುಕೊಂಡೆ. ರೋಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ್ದು ಕೂಡ ದೇವರ ಆಶೀರ್ವಾದ ಎನ್ನಿಸಿತು.

ಜುಲೈ ತಿಂಗಳಲ್ಲಿ ಮಂಜುಳಾ ಫೋನ್ ಮಾಡಿದರು. "ಕೃಪಾ ದವಾಖಾನಿಗೆ ಬಂದಿಲ್ರಿ. ಫೋನ್ ಎತ್ತವಲ್ಲಳು, ಮನಿಗೆ ಹೋದ್ರ ಕದ ತಗಿಲಿಲ್ಲ. ನೀವು ನೋಡಿದ್ರೇನ್ರಿ?" ಆ ತಿಂಗಳು ಆರಾಧನೆಯಲ್ಲಿ ಹಾಡುವಾಗ ಕೃಪಾವತಿಯ ದನಿ ಸಣ್ಣದಾಗಿದ್ದನ್ನು ನಾನು ಗಮನಿಸಿದ್ದೆ. ಮಳೆಗಾಲ, ನೆಗಡಿ ಎಂದುಕೊಂಡಿದ್ದೆ. ಮಂಜುಳಾಗೆ ಹೇಳಿದ್ದು ಇಷ್ಟು: "ಆಕಿ ಆರಾಮ ಅದಾಳ್ರಿ ಸಿಸ್ಟರ್. ಇನ್ನ ನಿಮ್ಮ ದವಾಖಾನಿ ಗರಜಿಲ್ಲ." ಫೋನ್ ಇಟ್ಟ ಮೇಲೆ ಗೆದ್ದವನ ಹಾಗೆ ಮೀಸೆ ತಿರುವಿದೆ.

ಆಗಸ್ಟ್ ಮೊದಲ ವಾರ ಮಲಪ್ರಭೆ ತುಂಬಿ ಹರಿಯುತ್ತಿತ್ತು. ನರಗುಂದದ ಆಚೆ ಕೊಣ್ಣೂರಿನ ಸೇತುವೆಗೆ ನೀರು ಹತ್ತುತ್ತಿದೆ ಎಂಬ ಸುದ್ದಿ ಎಲ್ಲರ ಬಾಯಲ್ಲಿತ್ತು. ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಎಸ್ತೇರವ್ವ ರೋಣದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಸೀರೆ ಒದ್ದೆಯಾಗಿತ್ತು. ಒಳಗೆ ಬಂದು ಕೂರಲೂ ಇಲ್ಲ.

"ನಾಕ ದಿನಾ ಆತ್ರಿ, ಹೊಟ್ಟಿಗೆ ಹನಿ ಹಾಕಿಲ್ಲ. ನಿನ್ನಿಯಿಂದ ಒಂದ ಹಟ ಹಿಡದಾಳ್ರಿ, ಕೊಣ್ಣೂರಿಗೆ ಹೋಗಿ ಬರ್ತೇನಿ ಅಂತಾಳ. ಮೂರ ಬಸ್ ಬದಲಿ ಮಾಡಿ ಹೋಗೋ ಊರು." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕೊಣ್ಣೂರಾಗ ನಮ್ಮವರು ಯಾರೂ ಇಲ್ರಿ ಅಯ್ಯನೋರ."

ನನಗೆ ಅರ್ಥವಾಯಿತು. ಅವಳು ಹೊರಟದ್ದು ಊರಿಗಲ್ಲ, ತುಂಬಿದ ಹೊಳೆಗೆ. ಆದರೂ ಹಳೆಯ ಚಾಳಿ ನೋಡಿ, ಬಾಯಿಂದ ಬಂದದ್ದು ಅದೇ ಮಾತು: "ನಾಳಿಯಿಂದ ಮೂರ ದಿನಾ ಉಪವಾಸ ಪ್ರಾರ್ಥನಾ..."

ಎಸ್ತೇರವ್ವ ಕೈ ಎತ್ತಿ ತಡೆದಳು. ಹಿಂದಿನ ರವಿವಾರ ನಾನೇ ಒಬ್ಬ ಪ್ರವಾದಿಯ ಕಥೆ ಹೇಳಿದ್ದೆ. ಅವನು ಬದುಕು ಸಾಕಾಗಿ, ನನ್ನ ಜೀವ ತೆಗೆದುಕೋ ಎಂದು ದೇವರನ್ನು ಬೇಡಿ ಅಡವಿಯಲ್ಲಿ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತನೊಬ್ಬ ಬಂದು ಅವನನ್ನು ಎಬ್ಬಿಸುತ್ತಾನೆ.

"ದೂತ ಬಂದು ಅವಗ ಉಪವಾಸ ಮಾಡು ಅನ್ಲಿಲ್ರಿ," ಎಂದಳು ಸಾಲೆಯ ಮೆಟ್ಟಿಲು ಹತ್ತದ ಆ ಮುದುಕಿ. "ರೊಟ್ಟಿ ತಿನ್ನು ಅಂದ. ನೀರ ಕೊಟ್ಟ. ಮತ್ತ ಮಲಗಾಕ ಬಿಟ್ಟ. ಬೈಲೂ ಇಲ್ಲ. ನೀವ ಹೇಳೀರಿ."

ಆಮೇಲೆ ಸೆರಗಿನೊಳಗಿಂದ ಗುಂಡಿ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ಏಳು ಖಾನೆಯಲ್ಲೂ ಗುಂಡಿಗಳೇ. "ಸಾಕ್ಷಿ ಹೇಳಿ ಬಂದ ದಿನಾನ ಗುಳಗಿ ಬಿಟ್ಟಾಳಂತ್ರಿ. ನನಗ ಇವತ್ತ ಹೇಳಿದ್ಲು. ಗುಳಗಿ ತಗೊಂಡ್ರ ಸಾಕ್ಷಿ ಸುಳ್ಳಾಗ್ತದಂತ."

ಎರಡು ತಿಂಗಳು. ನನ್ನ ಹೆಸರು ಉಳಿಯಲಿ ಎಂದು ಎರಡು ತಿಂಗಳು ಆ ಜೀವ ಔಷಧ ಇಲ್ಲದೆ ನರಳಿತ್ತು, ಮೇಲೆ ಅದನ್ನು ಮುಚ್ಚಿಟ್ಟು ಹಾಡಿತ್ತು. ಕೃಪಾವತಿ ಈಗ ಯಾರ ಹತ್ತಿರ ಇದ್ದಾಳೆ ಎಂದು ಕೇಳಬೇಕೆಂಬ ಬುದ್ಧಿಯೂ ನನಗೆ ಬರಲಿಲ್ಲ. ಮಂಜುಳಾಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೇಳಿದ್ದು ಒಂದೇ: "ಈಗ ಆಕಿ ಹತ್ರ ಯಾರದಾರ್ರಿ?" ಪಕ್ಕದ ಮನೆಯ ನೇಕಾರರ ಸೊಸೆಯನ್ನು ಕೂರಿಸಿ ಬಂದಿದ್ದಾಗಿ ಎಸ್ತೇರವ್ವ ಹೇಳಿದಳು. "ಚಲೋ ಆತು. ಒಂದ ನಿಮಿಷನೂ ಒಬ್ಬಾಕಿನ್ನ ಬಿಡಬ್ಯಾಡ ಅಂತ ಹೇಳ್ರಿ. ನಾ ಬಂದೆ," ಎಂದರು ಮಂಜುಳಾ.

ಎಸ್ತೇರವ್ವನನ್ನು ಸುಶೀಲಾ ಬಸ್ಸಿನಲ್ಲಿ ಕರೆದುಕೊಂಡು ಹೊರಟಳು. ನಾನು ಮಂಜುಳಾ ಅವರ ಸ್ಕೂಟಿಯ ಹಿಂದೆ ಕೂತೆ. ಐವತ್ತೆಂಟರ ಪಾದ್ರಿ, ಜಿಟಿಜಿಟಿ ಮಳೆ, ಮೊಣಕಾಲ ಮೇಲೆ ಅವರ ಔಷಧದ ಚೀಲ. ಜಕ್ಕಲಿ ದಾಟುವಾಗ, ತಪ್ಪು ನನ್ನದು ಎಂದು ಅವರ ಬೆನ್ನಿಗೆ ಹೇಳಿದೆ. "ಅದನ್ನ ಆಕಿಗೆ ಹೇಳ್ರಿ," ಎಂದರು.

ಕೃಪಾವತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಂಜುಳಾ ಪಕ್ಕದಲ್ಲಿ ಕೂತು, ಕೈ ಹಿಡಿದು, ನೇರವಾಗಿ ಕೇಳಿದರು: "ಕೃಪಾ, ಸಾಯಬೇಕು ಅನಸಾಕತ್ತೈತೇನು?" ನಾನು ಬೆಚ್ಚಿಬಿದ್ದೆ. ಇಂಥದ್ದನ್ನು ಬಾಯಿ ಬಿಟ್ಟು ಕೇಳುವುದೇ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಇರುವುದನ್ನು ಹೇಳಿಕೊಳ್ಳಲು ದಾರಿ ಆಗುತ್ತದೆ ಎಂದು ಮುಂದೆ ಅವರೇ ನನಗೆ ಕಲಿಸಿದರು. ಕೃಪಾವತಿ "ಹೂಂ" ಅಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ತಿರುಗಿ ನೋಡಿದ್ದು ಮಂಜುಳಾ ಅವರನ್ನಲ್ಲ, ನನ್ನನ್ನು.

"ಗುಳಗಿ ತಗೊಂಡ್ರ ನಾ ದೇವರ ಮುಂದ ಸುಳ್ಳ ಹೇಳಿದಂಗ ಆಗ್ತದಲ್ರಿ?"

ಮಂಜುಳಾ ನನ್ನ ಮುಖ ನೋಡಿದರು. ಇದಕ್ಕೆ ಅವರ ಚೀಲದಲ್ಲಿ ಉತ್ತರ ಇರಲಿಲ್ಲ. ನಾನು ಇಷ್ಟು ತಿಂಗಳು ಯಾವ ಜಾಗಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದೆನೋ ಆ ಜಾಗ ನನಗೆ ಹೀಗೆ ಸಿಕ್ಕಿತ್ತು.

"ಸುಳ್ಳು ನಿಂದಲ್ಲವ್ವಾ, ನಂದು," ಎಂದೆ. "ಗುಳಗಿ ಮಾತ ಹೇಳಬ್ಯಾಡ ಅಂದಾವ ನಾನು. ಈ ಸಿಸ್ಟರ್ ಮ್ಯಾಲಿನ ಹೊಟ್ಟಿಕಿಚ್ಚಿಗೆ ಹಂಗ ಅಂದೆ. ನಾ ದಿನಾ ಮುಂಜಾನೆ ಬಿ.ಪಿ. ಗುಳಗಿ ನುಂಗೇ ಪ್ರಸಂಗಕ್ಕ ನಿಂದರ್ತೇನಿ. ದೇವರು ನಿನಗ ಬೆನ್ನ ಮಾಡಿಲ್ಲ, ನಾ ಮಾಡಿದ್ದೆ."

ಎಸ್ತೇರವ್ವ ಬಂದು ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಳು. ಎರಡು ತುತ್ತು ಒಳಗೆ ಹೋಯಿತು. ಅಂದೇ ಗದಗಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ಅಲ್ಲಿದ್ದಳು. ಗೋವೆಯಿಂದ ಗಂಡ ಬಂದು ಜೊತೆಗಿದ್ದ. ನಾನೂ ದಿನಬಿಟ್ಟು ದಿನ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ, ಉಪದೇಶ ಬಿಟ್ಟು. ಆ ವಾರವೇ ಕೊಣ್ಣೂರಿನ ಸೇತುವೆ ನೀರಲ್ಲಿ ಮುಳುಗಿತು. ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ನನಗೆ ನೋಡಲಾಗಲಿಲ್ಲ, ಮಡಚಿ ಇಟ್ಟೆ.

ನವೆಂಬರ್ ತಿಂಗಳ ಒಂದು ರವಿವಾರ ಕೃಪಾವತಿ ಮತ್ತೊಮ್ಮೆ ಸಾಕ್ಷಿ ಹೇಳುತ್ತೇನೆ ಎಂದಳು. ಮೊದಲು ನಾನು ನಿಂತು ನನ್ನ ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಂಡೆ. ಹಿಂದೆ ನನ್ನ ಕೈ ಹಿಡಿದಿದ್ದ ಹಿರಿಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಕೃಪಾವತಿ ಗುಂಡಿ ಡಬ್ಬಿ ಹಿಡಿದು ಮುಂದೆ ಬಂದಳು. ಬೆಳಗಿನ ಗುಳಿಗೆಯನ್ನು ಬೇಕೆಂದೇ ಉಳಿಸಿಕೊಂಡು ಬಂದಿದ್ದಳು. ರವಿವಾರದ ಖಾನೆ ತೆಗೆದು, ಎಲ್ಲರೂ ಕಾಣುವಂತೆ ನುಂಗಿ, ನೀರು ಕುಡಿದಳು.

"ದೇವರು ನನಗ ಇದನ್ನೂ ಕೊಟ್ಟ, ಇವರನ್ನೂ ಕೊಟ್ಟ," ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಮಂಜುಳಾ ಅವರನ್ನು ತೋರಿಸಿದಳು. ಎಸ್ತೇರವ್ವ ಎಲ್ಲರಿಗಿಂತ ಮೊದಲು ಆಮೆನ್ ಅಂದಳು. ಆಮೇಲೆ ಕೃಪಾವತಿ ಹಾಡು ಎತ್ತಿದಳು. ಪಕ್ಕದ ಮನೆಯ ಮಗ್ಗ ನಿಂತಿತೋ ಇಲ್ಲವೋ ನನಗೆ ಕೇಳಿಸಲಿಲ್ಲ, ನಾನೂ ಜೊತೆಗೆ ಹಾಡುತ್ತಿದ್ದೆ.

ಖಿನ್ನತೆ ರೋಗ, ವಿಶ್ವಾಸದ ಕೊರತೆಯಲ್ಲ. ಪ್ರಾರ್ಥನೆ ಮಾಡುವವರು ಗುಳಿಗೆ ಬಿಡಬೇಕಿಲ್ಲ. ಇದನ್ನು ಕಲಿಯಲು ನನಗೆ ಅಷ್ಟು ಕಷ್ಟವಾಗಲಿಲ್ಲ. ಗುಣವಾದದ್ದು ಯಾರಿಂದ ಎಂದು ಕೇಳದೆ ಇರುವುದು ಕಷ್ಟ. ಅಂದಿನಿಂದ ನಿವೃತ್ತಿಯ ದಿನದವರೆಗೆ, ಸಾಕ್ಷಿ ಹೇಳುವವರನ್ನು ಮೊದಲೇ ಕರೆದು ಕೇಳುತ್ತಿದ್ದೆ: "ದವಾಖಾನಿಗೆ ಹೋಗಿದ್ರೇನು? ಹೋಗಿದ್ರ ಅದನ್ನೂ ಹೇಳ್ರಿ, ಡಾಕ್ಟರ್ ಹೆಸರನೂ ಹೇಳ್ರಿ." ಸಭೆಯಲ್ಲಿ ಆ ಹೆಸರು ಕೇಳುವಾಗ ಹೊಟ್ಟೆಯಲ್ಲಿ ಒಂದಿಷ್ಟು ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅದಕ್ಕೇನಾದರೂ ಗುಳಿಗೆ ಇದೆಯೇ ಎಂದು ಮಂಜುಳಾ ಅವರನ್ನೊಮ್ಮೆ ಕೇಳಿದ್ದೆ.

"ಅದಕ್ಕ ನೀವು ಪ್ರಾರ್ಥನಾನ ಮಾಡ್ಕೋಬೇಕ್ರಿ ಅಯ್ಯನೋರ," ಎಂದರು.